ಹೊಸ ರೀಲ್ ಕ್ಯಾಮೆರಾ ಸರಿಯಾದ ಬೆಲೆಗೆ ಯಾಕೆ ಯಾರೂ ಮಾಡುತ್ತಿಲ್ಲ? ಹಳೇದು ಕೈಕೊಟ್ಟಿದೆ, ಸಲಹೆ ಬೇಕು

ಅಡಿಕೆಚಪ್ಪರ

ನಮಸ್ಕಾರ. ತುಂಬಾ ದಿನದಿಂದ ಇಲ್ಲಿ ಸುಮ್ನೆ ಓದಿಕೊಂಡಿದ್ದವಳು. ಇವತ್ತು ಹೊಟ್ಟೆ ಉರಿದು ಬರೆಯುತ್ತಿದ್ದೇನೆ.

ಒಂದೂವರೆ ವರ್ಷದ ಹಿಂದೆ ಆನ್‌ಲೈನಿನಲ್ಲಿ ಫಿಲ್ಮ್ ರೀಲ್ ಹಾಕುವ ಒಂದು ಹಳೇ ಆಟೋಫೋಕಸ್ ಕ್ಯಾಮೆರಾ ತಗೊಂಡೆ. ಕಂಪನಿ ಹೆಸರು ಬೇಡ. ಅದು ಹೆಚ್ಚುಕಡಿಮೆ ನನ್ನದೇ ವಯಸ್ಸಿನದು, ಅದರ ತಪ್ಪೇನೂ ಇಲ್ಲ. 18 ಸಾವಿರ ಕೊಟ್ಟೆ. ಜೇಬಿಗೆ ಹೋಗುವಷ್ಟು ಚಿಕ್ಕದು, ಒತ್ತಿದರೆ ಕ್ಲಿಕ್, ರೀಲ್ ತಾನೇ ಸುತ್ತಿಕೊಳ್ಳುತ್ತದೆ. ಆರು ರೀಲ್ ತೆಗೆದೆ, ಆರೂ ಚೆನ್ನಾಗಿ ಬಂದವು.

ಏಳನೇ ರೀಲಿಗೆ ಕೈಕೊಟ್ಟಿತು. ಅಡಿಕೆ ಕೊಯ್ಲಿನ ಹೊತ್ತಿಗೆ ಶಿರಸಿ ಹತ್ತಿರ ಅಜ್ಜಿ ಮನೆಗೆ ಹೋಗಿದ್ದೆ. ಅಜ್ಜಿ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುತ್ತಿದ್ದರು, ನಾನು ಒಂದಾದ ಮೇಲೆ ಒಂದು ತೆಗೆಯುತ್ತಿದ್ದೆ. ಇಪ್ಪತ್ತೊಂದನೆಯದೋ ಇಪ್ಪತ್ತೆರಡನೆಯದೋ ಇರಬೇಕು, ಒಳಗಿನಿಂದ ಕಿರ್ರ್ ಅಂತ ಸದ್ದು ಬಂತು. ಲೆನ್ಸ್ ಅರ್ಧ ಹೊರಗೆ ಬಂದು ನಿಂತುಬಿಟ್ಟಿತು. ಬ್ಯಾಟರಿ ಬದಲಾಯಿಸಿದೆ, ಉಫ್ ಅಂತ ಊದಿದೆ, ಮೆಲ್ಲಗೆ ತಟ್ಟಿದೆ. ‘ಅದಕ್ಕೂ ಸುಸ್ತಾಗಿದೆ, ಬಿಡು’ ಅಂದರು ಅಜ್ಜಿ.

ಬೆಂಗಳೂರಿಗೆ ಬಂದು ಮೂರು ಕಡೆ ತೋರಿಸಿದೆ. ಒಳಗೆ ರೀಲ್ ಇದೆ, ಹಿಂದಿನ ಬಾಗಿಲು ತೆಗೆಯಬೇಡಿ ಅಂತ ಮೇಲೆ ಟೇಪ್ ಅಂಟಿಸಿ ಕೊಟ್ಟಿದ್ದೆ. ಒಬ್ಬರು ಮುಟ್ಟಲೇ ಇಲ್ಲ. ಒಬ್ಬರು ‘ಇದನ್ನ ಷೋಕೇಸಲ್ಲಿಡಿ’ ಅಂದರು. ಮೂರನೆಯವರು ಒಂದು ವಾರ ಇಟ್ಟುಕೊಂಡು, ಒಳಗಿನ ಪಟ್ಟಿ ಹೋಗಿದೆ, ಎಲ್ಲೂ ಸಿಗಲ್ಲ ಅಂತ ಹೇಳಿ, ನೋಡಿದ್ದಕ್ಕೆ 300 ರೂಪಾಯಿ ತಗೊಂಡು ವಾಪಸ್ ಕೊಟ್ಟರು.

ಈಗ ಕೇಳುವುದು ಇಷ್ಟು. ಹಳೇದರ ಸಹವಾಸ ನನಗೆ ಸಾಕು. ಹೊಸದಾಗಿ ತಯಾರಾಗಿ, ಡಬ್ಬಿಯಲ್ಲಿ ಬಂದು, ವಾರಂಟಿ ಕಾರ್ಡ್ ಇರುವ, ಜೇಬಿಗೆ ಹೋಗುವ, ಆಟೋಫೋಕಸ್ ಇರುವ ರೀಲ್ ಕ್ಯಾಮೆರಾ 25 ಸಾವಿರದೊಳಗೆ ಸಿಗುತ್ತದೆಯೇ? ಸಿಗದಿದ್ದರೆ ಯಾಕೆ ಸಿಗುವುದಿಲ್ಲ? ನಮ್ಮ ಆಫೀಸಿನಲ್ಲೇ ನಾಲ್ಕು ಜನ ಹುಡುಕುತ್ತಿದ್ದಾರೆ. ಹಳೇದರ ಬೆಲೆ ವರ್ಷದಿಂದ ವರ್ಷಕ್ಕೆ ಏರುತ್ತಿದೆ ಅಂದರೆ ಕೇಳುವವರು ಇದ್ದಾರೆ ಅಂತ ತಾನೇ? ಒಂದು ಕಾಲದಲ್ಲಿ ಇಂಥವನ್ನು ರಾಶಿರಾಶಿ ಮಾಡಿದ ಕಂಪನಿಗಳಿಗೆ ಈಗ ಒಂದು ಮಾಡೋಕೆ ಏನು ಕಷ್ಟ?

---

ಮೊಬೈಲೇ_ಸಾಕು

ಇದು ಷೋಕಿ ಅಷ್ಟೆ, ಬೇಜಾರು ಮಾಡ್ಕೋಬೇಡಿ. ಎರಡು ವರ್ಷದಲ್ಲಿ ಇಳಿಯುತ್ತದೆ. ಕಂಪನಿಗಳಿಗೂ ಅದು ಗೊತ್ತು, ಅದಕ್ಕೇ ಕೈ ಹಾಕುತ್ತಿಲ್ಲ. ರೀಲಿಗೆ ಸಾವಿರ, ತೊಳೆಸೋಕೆ ಐನೂರು, ಬರೋದು 36 ಫೋಟೋ, ಅದರಲ್ಲಿ ಹತ್ತು ಅಲುಗಾಡಿರುತ್ತವೆ. ಅದೇ ದುಡ್ಡು ಕೂಡಿಟ್ಟರೆ ಒಳ್ಳೇ ಫೋನ್ ಬರುತ್ತದೆ. ಹಳೇ ಬಣ್ಣ ಬೇಕಾ, ಫಿಲ್ಟರ್ ಹಾಕಿ.

---

ಪೀಣ್ಯ_ಪಾನಾ

@ಮೊಬೈಲೇ_ಸಾಕು ‘ಎರಡು ವರ್ಷದಲ್ಲಿ ಇಳಿಯುತ್ತದೆ’ ಅಂತ 2017ರಲ್ಲೂ ಹೇಳುತ್ತಿದ್ದರು. ಆ ವರ್ಷ ಮಾಡೆಲ್ ಕೆಂಡಲ್ ಜೆನ್ನರ್ ಅಮೆರಿಕದ ಒಂದು ಟಿವಿ ಷೋಗೆ ಕಾಂಟಾಕ್ಸ್ ಟಿ2 ಅನ್ನುವ ಹಳೇ ರೀಲ್ ಕ್ಯಾಮೆರಾ ಹಿಡಿದುಕೊಂಡು ಬಂದಿದ್ದಳು. ಆ ಕ್ಯಾಮೆರಾ ಮೊದಲು ಬಂದಿದ್ದು 1990ರಲ್ಲಿ, ಕಾಂಟಾಕ್ಸ್ ಕ್ಯಾಮೆರಾಗಳ ಕಥೆಯನ್ನು ಕ್ಯೋಸೆರಾ ಕಂಪನಿ ಮುಗಿಸಿದ್ದು 2005ರಲ್ಲಿ. ತಯಾರಿಸಿದವರೇ ಕೈಬಿಟ್ಟ ಸಾಮಾನಿಗೆ ಅವತ್ತು ಏರಿದ ಬೆಲೆ ಇನ್ನೂ ಇಳಿದಿಲ್ಲ. ಷೋಕಿನೇ ಇರಬಹುದು, ಆದರೆ ಎಂಟು ವರ್ಷ ದಾಟಿದ ಷೋಕಿ.

ಅಡಿಕೆಚಪ್ಪರ ಅವರೇ, ನಿಮ್ಮ ಕೊನೇ ಪ್ರಶ್ನೆ ನನ್ನ ಕಸುಬಿನದು, ಸ್ವಲ್ಪ ಉದ್ದ ಬರೆಯುತ್ತೇನೆ. ನಾನು ಪ್ಲಾಸ್ಟಿಕ್ ಮೋಲ್ಡ್ ಮಾಡುವ ಕಡೆ ಇಪ್ಪತ್ತು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಕ್ಯಾಮೆರಾ ಮಾಡಿಲ್ಲ, ಆದರೆ ಚಿಕ್ಕ ಗೇರು, ಮುಚ್ಚಳ, ಲಾಕ್ ಇಂಥವು ಸಾಕಷ್ಟು ಮಾಡಿದ್ದೇವೆ.

ಒಂದು ಚಿಕ್ಕ ಪ್ಲಾಸ್ಟಿಕ್ ಗೇರಿಗೆ ಒಂದು ಮೋಲ್ಡ್ ಬೇಕು. ಮೋಲ್ಡ್ ಅಂದರೆ ಉಕ್ಕಿನ ಅಚ್ಚು, ಲಕ್ಷಗಳ ಲೆಕ್ಕ. ಅದರಿಂದ ಹತ್ತು ಲಕ್ಷ ಗೇರು ತೆಗೆದರೆ ಒಂದೊಂದಕ್ಕೆ ಬೀಳುವುದು ಚಿಲ್ಲರೆ ಕಾಸು. ಹತ್ತು ಸಾವಿರ ಮಾತ್ರ ತೆಗೆದರೆ ಅದೇ ಗೇರಿನ ಮೇಲೆ ಮೋಲ್ಡಿನ ಖರ್ಚು ನೂರು ಪಟ್ಟು. ಆಟೋಫೋಕಸ್ ಇರುವ, ತಾನೇ ಸುತ್ತಿಕೊಳ್ಳುವ ಕ್ಯಾಮೆರಾದಲ್ಲಿ ಇಂಥ ಬಿಡಿಭಾಗ ನೂರಾರು. 90ರ ದಶಕದಲ್ಲಿ ಅವು ಅಗ್ಗ ಆಗಿದ್ದು ಯಾವ ಪವಾಡದಿಂದಲೂ ಅಲ್ಲ, ಪ್ರಪಂಚದಲ್ಲಿ ಮನೆಗೊಂದು ಹೋಗುತ್ತಿತ್ತು, ಅಷ್ಟೆ.

ಮೋಲ್ಡ್ ಹೇಗೋ ಮಾಡಿಸಬಹುದು ಅಂತಲೇ ಇಟ್ಟುಕೊಳ್ಳಿ. ಒಳಗಿನ ಮಂಡೆ ಇದೆಯಲ್ಲ, ಫೋಕಸ್ ಅಳೆಯುವ ಸೆನ್ಸರ್, ಶಟರ್ ಆಡಿಸುವ ಚಿಪ್, ಅವನ್ನು ಆ ಕ್ಯಾಮೆರಾಗಳಿಗೆಂದೇ ಮಾಡಿಸುತ್ತಿದ್ದರು. ಮಾಡಿಕೊಡುತ್ತಿದ್ದ ಕಂಪನಿಗಳು ಬೇರೆ ಕೆಲಸಕ್ಕೆ ಹೊರಟುಹೋದವು. ನಿಮಗೆ ರಿಪೇರಿಯವರು ‘ಪಟ್ಟಿ’ ಅಂದರಲ್ಲ, ಅದು ಫ್ಲೆಕ್ಸ್ ಕೇಬಲ್. ತೆಳ್ಳಗಿನ ಕಂದು ಹಾಳೆಯ ಮೇಲೆ ತಾಮ್ರದ ಗೆರೆ. ಲೆನ್ಸ್ ಒಳಗೆ ಹೊರಗೆ ಹೋದಾಗಲೆಲ್ಲ ಮಡಚಿ ಬಿಚ್ಚಿ, 25 ವರ್ಷಕ್ಕೆ ಒಂದು ಗೆರೆ ಬಿರುಕು ಬಿಟ್ಟರೆ ಕಥೆ ಮುಗೀತು. ಇಂಥ ಇನ್ನೊಂದು ಸತ್ತ ಕ್ಯಾಮೆರಾ ತಂದು ಅದರದು ಕಿತ್ತು ಇದಕ್ಕೆ ಹಾಕಬೇಕು, ಅದರ ಪಟ್ಟಿಗೂ ಅಷ್ಟೇ ವಯಸ್ಸಾಗಿರುತ್ತದೆ.

ಆಮೇಲೆ ಕೈಕೆಲಸ ಗೊತ್ತಿದ್ದವರು. ಜಪಾನಿನ ರಿಕೋ ಕಂಪನಿಯವರು 2022ರ ಡಿಸೆಂಬರಿನಲ್ಲಿ ಪೆಂಟಾಕ್ಸ್ ಹೆಸರಿನಲ್ಲಿ ಮತ್ತೆ ಫಿಲ್ಮ್ ಕ್ಯಾಮೆರಾ ಮಾಡುತ್ತೇವೆ ಅಂತ ಹೊರಟಾಗ, ರೀಲ್ ಸುತ್ತುವ ಸನ್ನೆಯನ್ನು (ಲಿವರ್) ಹೇಗೆ ಮಾಡುತ್ತಿದ್ದರು ಅಂತ ತಿಳಿಯಲು ಹಳಬರನ್ನು ಹುಡುಕಿಕೊಂಡು ಹೋಗಬೇಕಾಯಿತು. ನಕ್ಷೆ ಇದ್ದರೂ ಇಲ್ಲಿ ಎಷ್ಟು ಸಡಿಲ ಬಿಡಬೇಕು, ಈ ಸ್ಪ್ರಿಂಗು ಎಷ್ಟು ಬಿಗಿ ಇರಬೇಕು ಅನ್ನೋದು ಕಾಗದದಲ್ಲಿ ಇರಲ್ಲ ಸ್ವಾಮಿ. ನಮ್ಮ ಶಾಪಿನಲ್ಲೇ ಒಬ್ಬರು ರಿಟೈರ್ ಆದಮೇಲೆ ಒಂದು ಡೈ ಮೂರು ತಿಂಗಳು ನಮ್ಮನ್ನು ಅಳಿಸಿತು.

ಹಾಗಾಗಿ ಈಗ ಹೊಸದು ಅಂತ ಸಿಗುವುದು ಹೆಚ್ಚಾಗಿ ಎರಡು ತುದಿಯಲ್ಲಿ. ಒಂದು ಕಡೆ ಅಗ್ಗದ ಪ್ಲಾಸ್ಟಿಕ್ಕು. ಕೊಡಾಕ್ ಎಕ್ಟಾರ್ ಎಚ್35 ಅಂತ 2022ರಲ್ಲಿ 49 ಡಾಲರಿಗೆ ಬಂತಲ್ಲ, ಅದು. ಹೆಸರು ಮಾತ್ರ ಕೊಡಾಕ್‌ನದು, ಮಾಡುವುದು ಹಾಂಕಾಂಗಿನ ರೆಟೋದವರು. ಫೋಕಸ್ ಒಂದೇ, ಶಟರ್ ವೇಗ ಒಂದೇ, ಲೆನ್ಸಿನ ಕಿಂಡಿ ಎಫ್ 9.5, ಅಂದರೆ ತೀರಾ ಚಿಕ್ಕದು. ಬಿಸಿಲಿದ್ದರೆ ಸರಿ, ಮೋಡ ಬಂದರೆ ಫ್ಲ್ಯಾಷೇ ಗತಿ. ಇನ್ನೊಂದು ತುದಿಯಲ್ಲಿ ರೋಲೈ 35ಎಎಫ್. ಅದೂ ಹಾಂಕಾಂಗ್‌ನದೇ, ಮಿಂಟ್ ಅನ್ನುವವರು 2024ರಲ್ಲಿ ತಂದರು. ಎಫ್ 2.8ರ ದೊಡ್ಡ ಕಿಂಡಿಯ ಗಾಜಿನ ಲೆನ್ಸು, ನೀವು ಕೇಳಿದ ಆಟೋಫೋಕಸ್ಸೂ ಇದೆ. ಫೋಕಸ್ಸಿಗೆ ಲೈಡಾರ್ ಹಾಕಿದ್ದಾರೆ, ಬೆಳಕು ಹೋಗಿ ಬರುವ ಹೊತ್ತು ಅಳೆದು ದೂರ ಹೇಳುವ ಸೆನ್ಸರ್. ಜಾಣತನದ ಕೆಲಸ. ಆದರೆ ಬಂದಾಗ ಬೆಲೆ ಸುಮಾರು 800 ಡಾಲರ್, ಕಸ್ಟಮ್ಸ್ ಬೇರೆ. ಇವೆರಡರ ನಡುವೆ ರಿಕೋದವರ ಪೆಂಟಾಕ್ಸ್ 17, 2024ರಲ್ಲಿ ಬಂದಾಗ 500 ಡಾಲರ್, ಅದರಲ್ಲಿ ಆಟೋಫೋಕಸ್ ಇಲ್ಲ.

ನಿಮ್ಮ 25 ಸಾವಿರದ ಜಾಗ ಖಾಲಿ. ಅಲ್ಲಿಗೆ ಬರಬೇಕೆಂದರೆ ಲಕ್ಷಗಟ್ಟಲೆ ಕ್ಯಾಮೆರಾ ಮಾರಾಟವಾಗುತ್ತದೆ ಅನ್ನುವ ಧೈರ್ಯ ಯಾರಿಗಾದರೂ ಬರಬೇಕು. ನಾಲ್ಕು ಜನ ಹುಡುಕುತ್ತಿದ್ದಾರೆ ಅಂದಿರಲ್ಲ, ಅವರನ್ನೇ ಕೇಳಿ ನೋಡಿ, 45 ಸಾವಿರ ಅಂದರೆ ಎಷ್ಟು ಜನ ನಿಲ್ಲುತ್ತಾರೆ ಅಂತ. ಕಂಪನಿಯವರು ಮಾಡುವ ಲೆಕ್ಕವೂ ಅದೇ.

---

ಓಸಾಕದ_ಒಗ್ಗರಣೆ

ಹಾಸನದವನು, ಹನ್ನೊಂದು ವರ್ಷದಿಂದ ಜಪಾನಿನಲ್ಲಿದ್ದೇನೆ. ಪೆಂಟಾಕ್ಸ್ 17 ಬಂದ ವರ್ಷವೇ, ಅಂದರೆ 2024ರಲ್ಲೇ ತಗೊಂಡೆ. ಸುಲಭಕ್ಕೆ ಸಿಗಲಿಲ್ಲ. ಬಿಡುಗಡೆ ಹೊತ್ತಿಗೆ ಆರ್ಡರ್ ಎಷ್ಟು ಬಂತೆಂದರೆ ಇಲ್ಲಿ ಸ್ವಲ್ಪ ದಿನ ಹೊಸ ಆರ್ಡರ್ ತಗೊಳ್ಳುವುದನ್ನೇ ನಿಲ್ಲಿಸಿದ್ದರು. ಬೇಡಿಕೆ ಇಲ್ಲ ಅನ್ನುವವರಿಗೆ ಇಷ್ಟು ಸಾಕು ಅಂದುಕೊಳ್ಳುತ್ತೇನೆ.

ತಗೊಳ್ಳುವ ಮುಂಚೆ ತಿಳಿದುಕೊಳ್ಳಬೇಕಾದ್ದು ಹೇಳುತ್ತೇನೆ. ಇದು ಹಾಫ್ ಫ್ರೇಮ್. ಒಂದು ಫೋಟೋ ಹಿಡಿಯುವ ಜಾಗದಲ್ಲಿ ಎರಡು ಹಿಡಿಸುತ್ತದೆ. ಫ್ರೇಮಿನ ಅಗಲ 17 ಮಿಲಿಮೀಟರ್, ಎತ್ತರ 24, ಹೆಸರಿನ 17 ಬಂದಿದ್ದೂ ಅಲ್ಲಿಂದಲೇ. 36ರ ರೀಲಿನಲ್ಲಿ 72 ಬರುತ್ತವೆ. ಕ್ಯಾಮೆರಾ ನೆಟ್ಟಗೆ ಹಿಡಿದರೆ ಫೋಟೋ ಉದ್ದುದ್ದ, ಫೋನಿನ ತರಹ. ಅಡ್ಡ ಫೋಟೋ ಬೇಕಾದರೆ ಕ್ಯಾಮೆರಾ ತಿರುಗಿಸಬೇಕು. ಮೊದಲ ವಾರ ತಲೆ ಕೆಡುತ್ತದೆ, ಆಮೇಲೆ ಅದೇ ರೂಢಿಯಾಗುತ್ತದೆ. ಹಾಫ್ ಫ್ರೇಮ್ ಹೊಸ ಯೋಚನೆಯೇನೂ ಅಲ್ಲ, ರೀಲ್ ದುಬಾರಿ ಇದ್ದ ಕಾಲಕ್ಕೆ, 1959ರಲ್ಲೇ ಒಲಿಂಪಸ್ ಪೆನ್ ಇದನ್ನೇ ಮಾಡಿತ್ತು. ರೀಲ್ ಮತ್ತೆ ದುಬಾರಿ ಆಯಿತು, ಹಾಫ್ ಫ್ರೇಮ್ ಮತ್ತೆ ಬಂತು.

ಇನ್ನು ಫೋಕಸ್. ಲೆನ್ಸಿನ ಸುತ್ತ ಆರು ಚಿತ್ರ ಇವೆ. ಹತ್ತಿರಕ್ಕೆ ಹೂವು, ಆಮೇಲೆ ಮನುಷ್ಯರು, ದೂರಕ್ಕೆ ಬೆಟ್ಟ. ದೂರ ಎಷ್ಟು ಅಂತ ನೀವೇ ಅಂದಾಜು ಮಾಡಿ ಉಂಗುರ ತಿರುಗಿಸಬೇಕು. ತಿರುಗಿಸುವುದು ಮರೆತರೆ ಕ್ಯಾಮೆರಾ ನಿಮಗೆ ಬೈಯುವುದಿಲ್ಲ, ಸುಮ್ನೆ ತೆಗೆದುಕೊಡುತ್ತದೆ. ಕಳೆದ ದೀಪಾವಳಿಗೆ ಊರಿಗೆ ಬಂದಿದ್ದೆ. ಹಾಸನಾಂಬೆ ದರ್ಶನದ ಸಾಲಿನ ಫೋಟೋ ತೆಗೆಯೋಕೆ ಬೆಟ್ಟಕ್ಕೆ ಇಟ್ಟಿದ್ದು, ಮನೆಗೆ ಬಂದಮೇಲೂ ಹಾಗೇ ಇತ್ತು. ಅಕ್ಕನ ಮಗಳು ಸುರ್‌ಸುರ್‌ಬತ್ತಿ ಹಿಡಿದು ಕುಣಿದ ಹದಿನಾಲ್ಕು ಫೋಟೋದಲ್ಲೂ ಅವಳು ಮಂಜು ಮಂಜು, ಹಿಂದಿನ ಕಾಂಪೌಂಡ್ ಗೋಡೆಯ ಇಟ್ಟಿಗೆ ಮಾತ್ರ ಒಂದೊಂದೂ ಎಣಿಸಬಹುದು. ತಪ್ಪು ನನ್ನದೇ. ಅಕ್ಕ ಇನ್ನೂ ಆ ವಿಷಯ ಎತ್ತುತ್ತಾಳೆ.

ಕೈಯಲ್ಲಿ ಹಿಡಿದಾಗ ಹೇಗಿದೆ ಅಂತ ಕೇಳಿದರೆ, ರೀಲ್ ಸುತ್ತುವ ಸನ್ನೆ ಒಂದಕ್ಕೇ ಅರ್ಧ ದುಡ್ಡು ಕೊಡಬಹುದು. ಹೆಬ್ಬೆರಳಿನಲ್ಲಿ ಎಳೆದರೆ ಗರಗರ ಅಂತ ಹಲ್ಲು ಹಲ್ಲಾಗಿ ಬಂದು ನಿಲ್ಲುತ್ತದೆ. ಮೇಲೆ ಕೆಳಗೆ ಮೆಗ್ನೀಸಿಯಂ ಲೋಹ, ಉಳಿದದ್ದು ಪ್ಲಾಸ್ಟಿಕ್. 500 ಡಾಲರಿಗೆ ಪ್ಲಾಸ್ಟಿಕ್ಕಾ ಅಂತ ಮೂಗು ಮುರಿಯುವವರು ಇದ್ದಾರೆ. ಇರಲಿ. ಅವರೇ ಹತ್ತು ವರ್ಷ ‘ಯಾರಾದರೂ ಹೊಸದು ಮಾಡಿ, ಎಷ್ಟಾದರೂ ಕೊಡುತ್ತೇವೆ’ ಅಂತ ಕೂಗಾಡಿದ್ದವರು. ಬಂದಮೇಲೆ ಲೋಹ ಬೇಕಿತ್ತು, ಆಟೋಫೋಕಸ್ ಬೇಕಿತ್ತು, ಫುಲ್ ಫ್ರೇಮ್ ಬೇಕಿತ್ತು, ಬೆಲೆ ಅರ್ಧ ಇರಬೇಕಿತ್ತು. ಮದುವೆಗೆ ಹೆಣ್ಣು ನೋಡಲು ಹೋದವರ ಪಟ್ಟಿಯ ಹಾಗೆ.

ಒಂದು ಕೊರತೆ ಮಾತ್ರ ನಿಜ. ಫ್ರೇಮ್ ಅರ್ಧ ಇರುವುದರಿಂದ ದೊಡ್ಡದು ಮಾಡಿದರೆ ಕಾಳು ಕಾಳಾಗಿ ಕಾಣುತ್ತದೆ. ಕಡಿಮೆ ಬೆಳಕಿಗೆ ಅಂತ ಬರುವ 400ರ ರೀಲ್ ಹಾಕಿದರೆ ಇನ್ನೂ ಜಾಸ್ತಿ. ಚಿಕ್ಕ ಪ್ರಿಂಟಿಗೆ, ಫೋನಿನಲ್ಲಿ ನೋಡೋಕೆ ಏನೂ ತೊಂದರೆ ಇಲ್ಲ.

---

ಮೊಬೈಲೇ_ಸಾಕು

ಫೋನಿನಲ್ಲಿ ನೋಡೋಕೆ ಅಂತ 45 ಸಾವಿರದ ರೀಲ್ ಕ್ಯಾಮೆರಾ. ನಾನೇನೂ ಹೇಳಲ್ಲಪ್ಪ.

---

ಹಳೇ_ನೆಗೆಟಿವ್

ನೀವೆಲ್ಲ ಕ್ಯಾಮೆರಾ ಬಗ್ಗೆ ಮಾತಾಡುತ್ತಿದ್ದೀರಿ, ನಾನು ತೊಳೆಯುವ ಕಡೆಯಿಂದ ಹೇಳುತ್ತೇನೆ. ತುಮಕೂರಿನಲ್ಲಿ ಹದಿನೇಳು ವರ್ಷ ಕಲರ್ ಲ್ಯಾಬ್ ನಡೆಸಿದವನು. ಈಗ ಆ ಜಾಗದಲ್ಲಿ ಮಗ ಝೆರಾಕ್ಸ್ ಅಂಗಡಿ ಇಟ್ಟಿದ್ದಾನೆ.

ನಮ್ಮ ಕಾಲದಲ್ಲಿ ಜನ ಕ್ಯಾಮೆರಾ ಹುಡುಕಿಕೊಂಡು ಹೋಗುತ್ತಿರಲಿಲ್ಲ. ಹಾಟ್‌ಶಾಟ್ ಇರುತ್ತಿತ್ತು, ಸ್ವಲ್ಪ ಅನುಕೂಲಸ್ಥರ ಮನೆಯಲ್ಲಿ ಯಾಶಿಕಾ ಎಂಎಫ್-2, ಆಮೇಲೆ ಕೊಡಾಕ್ ಕೆಬಿ10. ಫೋಕಸ್ ಅಂತ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ, ನಾಲ್ಕು ಹೆಜ್ಜೆ ಹಿಂದೆ ನಿಂತು ಒತ್ತುವುದು. ಅವಕ್ಕೂ ಮುಂಚೆ ಬರೋಡಾದಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್ 3 ನಮ್ಮ ತಂದೆಯವರ ಹತ್ತಿರ ಇತ್ತು, ದೊಡ್ಡ ರೀಲು, ಹನ್ನೆರಡೇ ಫೋಟೋ. ಕಪ್ಪುಬಿಳುಪಿಗೆ ಊಟಿಯ ಸರ್ಕಾರಿ ಕಾರ್ಖಾನೆಯ ‘ಇಂದು’ ರೀಲ್ ಬರುತ್ತಿತ್ತು. ಅದೂ ಮುಚ್ಚಿಹೋಯಿತು. ರೀಲ್ ಹಾಕುವಾಗ ತುದಿ ಜಾಸ್ತಿ ಎಳೆಯದೆ ಹುಷಾರಾಗಿ ಸಿಕ್ಕಿಸಿದರೆ 36ರ ಜಾಗದಲ್ಲಿ 38 ಬರುತ್ತಿತ್ತು. ಆ ಎರಡು ಫೋಟೋಗೋಸ್ಕರ ಗಿರಾಕಿಗಳು ನಮ್ಮ ಹತ್ತಿರವೇ ರೀಲ್ ಹಾಕಿಸುತ್ತಿದ್ದರು. ಇದು ರೀಲ್ ಬಿಡುತ್ತಿರುವುದಲ್ಲ, ನಿಜ.

ಮದುವೆ ಸೀಸನ್ನಿನಲ್ಲಿ ದಿನಕ್ಕೆ ಎಂಬತ್ತು, ನೂರು ರೀಲ್ ತೊಳೆದಿದ್ದೇವೆ. ಅದು ಹೆಮ್ಮೆಗೆ ಹೇಳಿದ್ದಲ್ಲ, ಅಷ್ಟು ಬಂದರೆ ಮಾತ್ರ ಮೆಷಿನ್ನು ಸರಿಯಾಗಿ ನಡೆಯುತ್ತದೆ. ಕಲರ್ ರೀಲಿನ ಡೆವಲಪರ್ 38 ಡಿಗ್ರಿಯಲ್ಲಿ ಇರಬೇಕು, ಮೂರೂಕಾಲು ನಿಮಿಷ. ಟ್ಯಾಂಕಿನಲ್ಲಿ ಸುಮ್ನೆ ನಿಂತರೆ ಗಾಳಿ ತಾಗಿ ಸತ್ತುಹೋಗುತ್ತದೆ. ರೀಲ್ ಬರುತ್ತಾ ಇದ್ದರೆ ಹೊಸ ಕೆಮಿಕಲ್ ಸೇರುತ್ತಾ ಇರುತ್ತದೆ, ತಾಜಾ ಇರುತ್ತದೆ. ದಿನಕ್ಕೆ ಮೂರು ರೀಲ್ ಬರುವ ಲ್ಯಾಬಿನಲ್ಲಿ ದೋಸೆ ಹಿಟ್ಟಿನ ಕಥೆಯೇ, ಹುಳಿ ಬಂದಮೇಲೆ ಎಷ್ಟು ಚೆನ್ನಾಗಿ ಹುಯ್ದರೂ ಹುಳಿಯೇ. ನನ್ನ ಲ್ಯಾಬ್ ಮುಚ್ಚಿದ್ದು ಹೀಗೆ. ಒಂದು ದಿನ ಬಾಗಿಲು ಹಾಕಿದ್ದಲ್ಲ. ಬಣ್ಣ ಹಸಿರಿಗೆ ತಿರುಗತೊಡಗಿತು, ಗಿರಾಕಿ ಬಿಟ್ಟರು, ರೀಲ್ ಕಡಿಮೆ ಆಯಿತು, ಬಣ್ಣ ಇನ್ನೂ ಕೆಟ್ಟಿತು. ಕೊಡಾಕ್ 2012ರಲ್ಲಿ ದಿವಾಳಿ ಅರ್ಜಿ ಹಾಕಿದ ಸುದ್ದಿ ಪೇಪರಿನಲ್ಲಿ ಓದುವ ಹೊತ್ತಿಗೆ ನನ್ನ ಮೆಷಿನ್ನು ಗುಜರಿಗೆ ಹೋಗಿ ಆಗಿತ್ತು.

ಅದಕ್ಕೇ ಈ ಹೊಸ ಕ್ಯಾಮೆರಾ ವಿಷಯದಲ್ಲಿ ನನಗೆ ಆಸೆ ಇದೆ. ಹಳೇ ಕ್ಯಾಮೆರಾ ದಿನಾ ಒಂದೊಂದು ಸಾಯುತ್ತಿದೆ, ಈ ಹುಡುಗಿಯದು ಸತ್ತ ಹಾಗೆ. ಒಂದು ಕ್ಯಾಮೆರಾ ಸತ್ತರೆ ವರ್ಷಕ್ಕೆ ಹತ್ತು ರೀಲ್ ಕಡಿಮೆ. ಹೊಸದು ಬರದಿದ್ದರೆ ರೀಲ್ ಮಾಡುವವನೂ ಎಷ್ಟು ದಿನ ಮಾಡುತ್ತಾನೆ? ಕೊಡಾಕ್‌ನವರು 2024ರ ನವೆಂಬರಿನಲ್ಲಿ ಅಮೆರಿಕದ ರೋಚೆಸ್ಟರಿನ ಫಿಲ್ಮ್ ಕಾರ್ಖಾನೆಯನ್ನು ಸ್ವಲ್ಪ ದಿನ ನಿಲ್ಲಿಸಿದರು, ನಷ್ಟಕ್ಕಲ್ಲ, ಜಾಸ್ತಿ ಮಾಡಬೇಕು ಅಂತ ಮೆಷಿನ್ ಸರಿಮಾಡಿಸೋಕೆ. ಇಂಗ್ಲೆಂಡಿನ ಹಾರ್ಮನ್‌ನವರು ಅಲ್ಲಿಯ ತನಕ ಕಪ್ಪುಬಿಳುಪಿನವರು, 2023ರ ಕೊನೆಯಲ್ಲಿ ಫೀನಿಕ್ಸ್ ಅಂತ ಕಲರ್ ರೀಲನ್ನೇ ತಂದರು. ಅಂದರೆ ರೀಲಿನವರಿಗೆ ನಂಬಿಕೆ ಬಂದಿದೆ.

ನನಗೆ ಭಯ ಇರುವುದು ನೆಗೆಟಿವ್ ಅನ್ನು ಕಂಪ್ಯೂಟರಿಗೆ ಏರಿಸುವ ಸ್ಕ್ಯಾನರಿನದು. ಇವತ್ತಿಗೂ ಲ್ಯಾಬುಗಳಲ್ಲಿ ನೊರಿಟ್ಸು, ಫ್ರಾಂಟಿಯರ್ ಅಂತ ಇಪ್ಪತ್ತು ವರ್ಷದ ಹಳೇ ಮೆಷಿನ್ನುಗಳೇ. ಅವು ಕೆಟ್ಟರೆ ಅದೇ ಪಟ್ಟಿಯ ಕಥೆ. ಹೊಸ ಕ್ಯಾಮೆರಾ ಬೇಕು ಅಂತ ಕೂಗುವವರು ಸಾವಿರ ಜನ ಇದ್ದಾರೆ, ಹೊಸ ಲ್ಯಾಬ್ ಸ್ಕ್ಯಾನರ್ ಬೇಕು ಅಂತ ಕೂಗುವವರು ಯಾರೂ ಇಲ್ಲ.

ಮಗಳೇ, ಒಂದು ವಿಷಯ. ಆ ರೀಲ್ ಇನ್ನೂ ಕ್ಯಾಮೆರಾ ಒಳಗೇ ಇದೆಯಾ?

---

ಅಡಿಕೆಚಪ್ಪರ

ಇದೆ ಅಂಕಲ್. ಟೇಪ್ ಕೂಡ ತೆಗೆದಿಲ್ಲ. ರೀವೈಂಡ್ ಬಟನ್ ಒತ್ತಿದರೆ ಉಸಿರೇ ಇಲ್ಲ. ಹೋಯಿತು ಅಂತಲೇ ಅಂದುಕೊಂಡಿದ್ದೆ.

ಪೀಣ್ಯ ಅವರೇ, ಆಫೀಸಿನಲ್ಲಿ ಕೇಳಿದೆ. 45 ಸಾವಿರ ಅಂದಾಗ ನಾಲ್ಕು ಜನ ಒಬ್ಬರಾದರು. ಆ ಒಬ್ಬಳು ನಾನೇ, ಅದೂ ಖಾತ್ರಿ ಇಲ್ಲ.

ಓಸಾಕ ಅವರೇ, ಲೆಕ್ಕ ಹಾಕಿ ನೋಡಿದೆ. ರೀಲ್ ಸಾವಿರ, ತೊಳೆದು ಸ್ಕ್ಯಾನ್ ಮಾಡಲು ಐನೂರು ಅಂದರೆ 36ಕ್ಕೆ ಒಂದು ಫೋಟೋ ಸುಮಾರು 42 ರೂಪಾಯಿ, 72ಕ್ಕೆ 21 ರೂಪಾಯಿ. ಉಳಿಯುವ ಆ 21 ರೂಪಾಯಿಯಲ್ಲಿ ಕ್ಯಾಮೆರಾ ದುಡ್ಡು ವಾಪಸ್ ಬರಬೇಕಾದರೆ ಎರಡು ಸಾವಿರ ಫೋಟೋ ತೆಗೆಯಬೇಕು. ಎರಡು ಸಾವಿರ ಸಲ ಅಜ್ಜಿ ಕೂರುವುದಿಲ್ಲ.

---

ಓಸಾಕದ_ಒಗ್ಗರಣೆ

ಲೆಕ್ಕ ಅಷ್ಟು ಸಲೀಸಿಲ್ಲ. ಹಾಫ್ ಫ್ರೇಮ್ ಸ್ಕ್ಯಾನಿಗೆ ಕೆಲವು ಲ್ಯಾಬುಗಳು ಜಾಸ್ತಿ ತಗೊಳ್ಳುತ್ತವೆ, ಮೊದಲೇ ಕೇಳಿ. ಇನ್ನೊಂದು, 72 ಮುಗಿಯುವುದೇ ಇಲ್ಲ. ನನ್ನ ಒಂದು ರೀಲಿನಲ್ಲಿ ಸಾಕುರಾ ಹೂವೂ ಇದೆ, ದೀಪಾವಳಿಯೂ ಇದೆ.

---

ಹಳೇ_ನೆಗೆಟಿವ್

ರೀಲ್ ಹೋಗಿಲ್ಲ. ಕೇಳು.

ನಿನ್ನ ಕ್ಯಾಮೆರಾ ಒಂದೊಂದೇ ಸುತ್ತಿಕೊಳ್ಳುವ ಜಾತಿಯದಾದರೆ, ತೆಗೆದ ಫೋಟೋ ಎಲ್ಲ ರೀಲಿನ ಡಬ್ಬಿಯಿಂದ ಹೊರಗೆ, ಆಚೆ ಕಡೆ ಸುತ್ತಿಕೊಂಡಿರುತ್ತವೆ. ಬೆಳಕಿನಲ್ಲಿ ಬಾಗಿಲು ತೆಗೆದರೆ ಆಗ ನಿಜವಾಗಿ ಹೋಗುತ್ತದೆ. ಕೆಲವು ಫ್ಯೂಜಿ ಕ್ಯಾಮೆರಾಗಳಲ್ಲಿ ಉಲ್ಟಾ, ರೀಲ್ ಹಾಕಿದ ಕೂಡಲೇ ಪೂರ್ತಿ ಹೊರಗೆ ಸುತ್ತಿ, ತೆಗೆದ ಹಾಗೆ ಒಂದೊಂದಾಗಿ ಡಬ್ಬಿಗೆ ಎಳೆದುಕೊಳ್ಳುತ್ತದೆ. ನಿನ್ನದು ಯಾವ ಜಾತಿ ಅಂತ ಗೊತ್ತಿಲ್ಲದಿದ್ದರೂ ಪರವಾಗಿಲ್ಲ, ಎರಡಕ್ಕೂ ಮದ್ದು ಒಂದೇ, ಕತ್ತಲೆ.

ರಾತ್ರಿ, ಕಿಟಕಿ ಇಲ್ಲದ ಬಚ್ಚಲುಮನೆ. ಬಾಗಿಲ ಸಂದಿಗೆ ಟವೆಲ್ ತುರುಕು. ಗೀಸರಿನ ಕೆಂಪು ದೀಪ ಆರಿಸು, ಅದನ್ನು ಎಲ್ಲರೂ ಮರೆಯುತ್ತಾರೆ. ಮೊಬೈಲ್ ಹೊರಗೆ ಇಡು, ಹೊಳೆಯುವ ವಾಚ್ ಬಿಚ್ಚು. ಒಳಗೆ ಹೋಗಿ ಐದು ನಿಮಿಷ ಸುಮ್ನೆ ನಿಲ್ಲು, ಆಮೇಲೂ ನಿನ್ನ ಕೈ ನಿನಗೆ ಕಾಣಬಾರದು. ಕ್ಯಾಮೆರಾದ ಬಾಗಿಲು ತೆಗೆ. ಒಂದು ಕಡೆ ಡಬ್ಬಿ ಸಿಗುತ್ತದೆ, ಮೆಲ್ಲಗೆ ಎತ್ತು. ಆಚೆ ಕಡೆ ಸುತ್ತಿಕೊಂಡ ರೀಲನ್ನು ಅಂಚಿನಲ್ಲಿ ಹಿಡಿದು ಬಿಚ್ಚು, ನಡುವೆ ಬೆರಳು ತಾಗಿಸಬೇಡ. ಡಬ್ಬಿಯ ತುದಿಯಲ್ಲಿ ಒಂದು ಗುಬ್ಬಿ ಚಾಚಿಕೊಂಡಿರುತ್ತದೆ, ಅದನ್ನು ಕೈಯಲ್ಲೇ ತಿರುಗಿಸುತ್ತಾ ಹೋಗು, ರೀಲ್ ಒಳಗೆ ಹೋಗುತ್ತದೆ. ಅವಸರ ಮಾಡಿದರೆ ಚಿಟಿಚಿಟಿ ಕಿಡಿ ಬಂದು ನೆಗೆಟಿವ್ ಮೇಲೆ ಮಿಂಚಿನ ಹಾಗೆ ಗೆರೆ ಬೀಳುತ್ತದೆ. ಪೂರ್ತಿ ಒಳಗೆ ಹೋದಮೇಲೆ ದೀಪ ಹಾಕು.

ಧೈರ್ಯ ಇಲ್ಲದಿದ್ದರೆ ಕ್ಯಾಮೆರಾ ಸಮೇತ ಲ್ಯಾಬಿಗೆ ಕೊಡು, ಅವರ ಹತ್ತಿರ ಕಪ್ಪು ಚೀಲ ಇರುತ್ತದೆ, ಅದರೊಳಗೆ ಕೈ ಹಾಕಿ ತೆಗೆದುಕೊಡುತ್ತಾರೆ. ಈ ಕೆಲಸಕ್ಕೆ ನಾನು ಯಾವತ್ತೂ ದುಡ್ಡು ತಗೊಂಡವನಲ್ಲ.

---

ಪೀಣ್ಯ_ಪಾನಾ

ಅಂಕಲ್ ಹೇಳಿದ್ದು ಸರಿ. ತೆಗೆದಮೇಲೆ ಆ ಕ್ಯಾಮೆರಾ ಎಸೆಯಬೇಡಿ. ಬಿಡಿಭಾಗಕ್ಕೆ ಅಂತ ಮಾರಿದರೆ ಎರಡು ಮೂರು ಸಾವಿರವಾದರೂ ಬರುತ್ತದೆ, ಇನ್ನೊಬ್ಬರದು ಬದುಕುತ್ತದೆ. ಹೊಸದೇ ಬೇಕು ಅನ್ನುವ ಹಟ ಬಿಟ್ಟರೆ ಇನ್ನೊಂದು ದಾರಿ ಹೇಳುತ್ತೇನೆ. 60ರ, 70ರ ದಶಕದ, ಕೈಯಲ್ಲಿ ಸುತ್ತುವ, ಒಳಗೆ ಚಿಪ್ಪೇ ಇಲ್ಲದ್ದು ತಗೊಳ್ಳಿ. ಒಲಿಂಪಸ್ ಟ್ರಿಪ್ 35 ಬಂದಿದ್ದು 1967ರಲ್ಲಿ, ಅದಕ್ಕೆ ಬ್ಯಾಟರಿಯೂ ಬೇಡ. ಕೆಟ್ಟರೆ ಹಳೇ ವಾಚ್ ರಿಪೇರಿಯವರಂಥ ಕೈ ಸಾಕು. 90ರ ದಶಕದ್ದಕ್ಕಿಂತ ಇವು ಜಾಸ್ತಿ ದಿನ ಬದುಕುತ್ತವೆ.

---

ಅಡಿಕೆಚಪ್ಪರ

ಎಲ್ಲರಿಗೂ ಥ್ಯಾಂಕ್ಸ್. ಶನಿವಾರ ರಾತ್ರಿ ಬಚ್ಚಲುಮನೆಯಲ್ಲೇ ತೆಗೆದೆ. ರೂಮ್‌ಮೇಟ್ ಹೊರಗಿನಿಂದ ಎರಡು ಸಲ ಬಾಗಿಲು ಬಡಿದಳು, ಒಳಗೆ ನಾನು ಬೆವರು ಸುರಿಸುತ್ತಾ ಗುಬ್ಬಿ ತಿರುಗಿಸುತ್ತಿದ್ದೆ. ಗೀಸರ್ ದೀಪ ನಾನೂ ಮರೆತಿದ್ದೆ, ಕ್ಯಾಮೆರಾದ ಬಾಗಿಲು ತೆಗೆಯುವ ಕ್ಷಣದಲ್ಲಿ ನೆನಪಾಯಿತು.

ಇವತ್ತು ನೆಗೆಟಿವ್ ಕೈಗೆ ಬಂತು. 21 ಬಂದಿವೆ. ಒಂದರ ಮೇಲೆ ಸಣ್ಣ ಮಿಂಚಿನ ಗೆರೆ ಇದೆ, ಅದು ನನ್ನ ಅವಸರದ್ದು. ಕೊನೆಯದು ಮಾತ್ರ ಮುಕ್ಕಾಲು ಭಾಗ ಖಾಲಿ, ಅಜ್ಜಿಯ ಕೈ ಮತ್ತು ಕತ್ತಿಯ ತುದಿ ಅಷ್ಟೇ ಇದೆ.

ಕ್ಯಾಮೆರಾ ಸದ್ಯಕ್ಕೆ ತಗೊಳ್ಳುತ್ತಿಲ್ಲ. ಟ್ರಿಪ್ 35 ಹುಡುಕುತ್ತೇನೆ. ಪೆಂಟಾಕ್ಸ್‌ನವರು ಆಟೋಫೋಕಸ್ ಇರುವುದು ಮಾಡಿದರೆ ಮಾತ್ರ ಓಸಾಕ ಅವರ ತಲೆ ತಿನ್ನಲು ಬರುತ್ತೇನೆ.

---

ಮೊಬೈಲೇ_ಸಾಕು

ಫೋಟೋ ಹಾಕಿ ಮೇಡಂ, ಇಷ್ಟು ಓದಿಸಿದ್ದೀರಿ.

---

ಅಡಿಕೆಚಪ್ಪರ

ಲ್ಯಾಬಿನ ಸ್ಕ್ಯಾನರ್ ಕೆಟ್ಟಿದೆಯಂತೆ, ಗುರುವಾರ ಬನ್ನಿ ಅಂದಿದ್ದಾರೆ. ತಡೆಯೋಕಾಗದೆ ನೆಗೆಟಿವ್ ಅನ್ನು ಕಿಟಕಿ ಬೆಳಕಿಗೆ ಹಿಡಿದು, ಮೊಬೈಲಿನಲ್ಲೇ ತೆಗೆದು, ಬಣ್ಣ ಉಲ್ಟಾ ಮಾಡಿದ್ದೇನೆ. ಅಜ್ಜಿ ಸ್ವಲ್ಪ ನೀಲಿಯಾಗಿದ್ದಾರೆ. ಕೆಳಗೆ ಹಾಕಿದ್ದೇನೆ ನೋಡಿ.